‘ಶಕ್ತಿ’ ಅನ್ನುವ ಪದದ ಬಗ್ಗೆ ನನ್ನ ತಕರಾರು

ಪ್ರತಿ ಭಾನುವಾರ ರಾತ್ರಿ ಊಟ ಆದ ಮೇಲೆ ನಾನು ಆರು ಪುಟ್ಟ ಹಳದಿ ಮಾತ್ರೆ ನುಂಗುತ್ತೇನೆ. ಮೆಥೊಟ್ರೆಕ್ಸೇಟ್ ಅಂತ ಅದರ ಹೆಸರು. ವಾರಕ್ಕೆ ಒಂದೇ ದಿನ. ಒಂಬತ್ತು ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ. ನನ್ನ ರೋಗನಿರೋಧಕ ವ್ಯವಸ್ಥೆಯ ಅಬ್ಬರವನ್ನು ಸ್ವಲ್ಪ ತಗ್ಗಿಸುವುದು ಈ ಮಾತ್ರೆಯ ಕೆಲಸ. ಮಾರನೇ ದಿನ ಬೆಳಗ್ಗೆ ತರಗತಿಗೆ ಹೋಗಿ, ಬೋರ್ಡಿನ ಮೇಲೆ ‘ರೋಗನಿರೋಧಕ ಶಕ್ತಿ’ ಅಂತ ಬರೆದು ಪಾಠ ಶುರು ಮಾಡುತ್ತೇನೆ.

ಇಷ್ಟು ವರ್ಷ ಈ ವಿಷಯವನ್ನು ಮಕ್ಕಳಿಗೆ ಹೇಳಿರಲಿಲ್ಲ. ಈ ಸಲ ಹೇಳಿದೆ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಎರಡನೇ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ಮೇಡಂ, ಎಲ್ಲರೂ ಇಮ್ಯುನಿಟಿ ಜಾಸ್ತಿ ಮಾಡ್ಕೊಳ್ಳಿ ಅಂತಾರೆ. ನೀವು ಯಾಕೆ ಕಡಿಮೆ ಮಾಡ್ಕೊಳ್ತೀರಿ?”

ಬೆಲ್ ಹೊಡೆಯಲು ಐದು ನಿಮಿಷ ಇತ್ತು. ಅಷ್ಟರಲ್ಲಿ ಹೇಳಿದ ಉತ್ತರ ನನಗೇ ಸಾಲದು ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವಳಿಗೂ, ಈ ಅಧ್ಯಾಯವನ್ನು ಮೊದಲ ಸಲ ತೆರೆದು ಹೆಸರುಗಳ ರಾಶಿ ನೋಡಿ ಗಾಬರಿಯಾಗಿರುವ ಎಲ್ಲ ಮಕ್ಕಳಿಗೂ.

ಮೊದಲು ಆ ಪದ. ‘ಶಕ್ತಿ’ ಅಂದ ಕೂಡಲೇ ಮನಸ್ಸಿಗೆ ಬರುವುದು ಅಳತೆ. ಜಾಸ್ತಿ ಇದ್ದಷ್ಟೂ ಒಳ್ಳೆಯದು, ಕಡಿಮೆಯಾದರೆ ಕೆಟ್ಟದ್ದು, ಫೋನಿನ ಚಾರ್ಜ್ ಥರ. ಆದರೆ ಯಾವ ರಕ್ತ ಪರೀಕ್ಷೆಯ ವರದಿಯಲ್ಲೂ ‘ರೋಗನಿರೋಧಕ ಶಕ್ತಿ ಇಷ್ಟು’ ಅನ್ನುವ ಸಾಲು ಇರುವುದಿಲ್ಲ. ಬಿಳಿ ರಕ್ತಕಣಗಳ ಲೆಕ್ಕ ಇರುತ್ತದೆ. ದೊಡ್ಡವರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ ಸುಮಾರು 4,000ದಿಂದ 11,000. ಅದು 40,000 ಆಗಿದೆ ಅಂದರೆ ಡಾಕ್ಟರು ‘ಭಲೇ’ ಅನ್ನುವುದಿಲ್ಲ. ಜೋರು ಸೋಂಕೋ, ರಕ್ತದ ಕ್ಯಾನ್ಸರೋ ಅಂತ ಹುಡುಕಲು ಹೊರಡುತ್ತಾರೆ.

ನಾನು ಮಕ್ಕಳಿಗೆ ಹೇಳುವುದು ಇಷ್ಟು. ‘ಶಕ್ತಿ’ ಅಂತ ಬರೆದಿರುವ ಕಡೆ ‘ಗುರುತು’ ಅಂತ ಓದಿಕೊಳ್ಳಿ. ಇದು ನನ್ನದಾ, ಹೊರಗಿನದಾ? ಹೊರಗಿನದಾದರೆ ಅಪಾಯದ್ದಾ, ಅದರ ಪಾಡಿಗೆ ಬಿಡಬಹುದಾ? ಇದನ್ನು ಹಿಂದೆ ಎಲ್ಲಾದರೂ ನೋಡಿದ್ದೇನಾ? ದೇಹ ದಿನವಿಡೀ ಕೇಳಿಕೊಳ್ಳುವುದು ಇವೇ ಪ್ರಶ್ನೆಗಳನ್ನು. ಹೀಗೆ ಓದಿದರೆ ಅಧ್ಯಾಯದ ಹೆಸರುಗಳೆಲ್ಲ ಒಂದೊಂದಾಗಿ ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತವೆ.

ಒಂದು ಮುಳ್ಳಿನಿಂದ ಶುರು ಮಾಡೋಣ. ಕಳೆದ ತಿಂಗಳು ಗುಲಾಬಿ ಗಿಡ ಸವರುವಾಗ ನನ್ನ ತೋರುಬೆರಳಿಗೆ ಮುಳ್ಳು ಚುಚ್ಚಿತು. ತುದಿ ಒಳಗೇ ಮುರಿದು ಉಳಿಯಿತು. ಪಾಠಕ್ಕೆ ಬೇಕಾಗುತ್ತದೆ ಅಂತ ಅದನ್ನು ಗಮನಿಸುತ್ತಾ ಹೋದೆ. ಹತ್ತು ನಿಮಿಷದಲ್ಲಿ ಸುತ್ತ ಕೆಂಪಾಯಿತು. ಮುಟ್ಟಿದರೆ ಪಕ್ಕದ ಬೆರಳಿಗಿಂತ ಬಿಸಿ. ಸಂಜೆಗೆ ಊದಿಕೊಂಡು ಪೆನ್ನು ಹಿಡಿಯಲು ಆಗಲಿಲ್ಲ. ರಾತ್ರಿ ಟಣ್ ಟಣ್ ಅಂತ ಮಿಡಿಯುತ್ತಿತ್ತು. ಎರಡನೇ ದಿನ ನಡುವೆ ಹಳದಿ ಚುಕ್ಕೆ ಕಂಡಿತು. ಮೂರನೇ ದಿನ ಅದು ಒಡೆದು, ಒಂದು ಹನಿ ಕೀವಿನ ಜೊತೆ ಮುಳ್ಳಿನ ತುದಿಯೂ ಹೊರಗೆ ಬಂತು.

ಕೆಂಪು, ಬಿಸಿ, ಊತ, ನೋವು. ಈ ನಾಲ್ಕನ್ನೂ ಒಟ್ಟಿಗೆ ಹೆಸರಿಸಿ ಬರೆದಿಟ್ಟವನು ರೋಮಿನ ಸೆಲ್ಸಸ್. ಕ್ರಿಸ್ತಶಕ ಒಂದನೇ ಶತಮಾನದಲ್ಲಿ. ನಾವು ಇದನ್ನು ಉರಿಯೂತ ಅನ್ನುತ್ತೇವೆ. ಎಂಥ ಒಳ್ಳೆಯ ಪದ ನೋಡಿ. ಉರಿಯೂ ಇದೆ, ಊತವೂ ಇದೆ.

ಒಳಗೆ ನಡೆದದ್ದು ಹೀಗೆ. ಚರ್ಮ ನಮ್ಮ ಮೊದಲ ಗೋಡೆ. ಅದರ ಜೊತೆಗೆ ಮೂಗಿನ ಲೋಳೆ, ಹೊಟ್ಟೆಯ ಆಮ್ಲ, ಕಣ್ಣೀರಿನಲ್ಲಿರುವ ಲೈಸೊಜೈಮ್ ಇವೆಲ್ಲ ಕಾವಲಿಗಿವೆ. ಮುಳ್ಳು ಆ ಗೋಡೆಗೆ ತೂತು ಮಾಡಿತು. ಚರ್ಮದ ಕೆಳಗಿದ್ದ ಮಾಸ್ಟ್ ಕೋಶಗಳು ಹಿಸ್ಟಮಿನ್ ಅನ್ನುವ ರಾಸಾಯನಿಕ ಸುರಿದವು. ರಕ್ತನಾಳಗಳು ಅಗಲವಾದವು, ರಕ್ತ ಜಾಸ್ತಿ ಬಂತು. ಅದಕ್ಕೇ ಕೆಂಪು, ಅದಕ್ಕೇ ಬಿಸಿ. ನಾಳದ ಗೋಡೆ ಸಡಿಲವಾಗಿ ನೀರು ಹೊರಗೆ ಸೋರಿತು. ಅದು ಊತ. ಆ ಸಡಿಲಾದ ಸಂದಿಯಲ್ಲೇ ನ್ಯೂಟ್ರೋಫಿಲ್ ಅನ್ನುವ ಬಿಳಿ ಕಣಗಳು ಮೈ ಹಿಂಡಿಕೊಂಡು ಹೊರಗೆ ನುಸುಳಿದವು. ಬಂದವು, ಸಿಕ್ಕಿದ ಬ್ಯಾಕ್ಟೀರಿಯಾಗಳನ್ನು ನುಂಗಿದವು, ಅಲ್ಲೇ ಸತ್ತವು. ನಾವು ಅಸಹ್ಯಪಟ್ಟು ಒರೆಸಿ ಹಾಕುವ ಕೀವಿನಲ್ಲಿ ಹೆಚ್ಚಿನದು ಅವುಗಳ ಹೆಣ. ಮೂಳೆಯ ಮಜ್ಜೆ ಪ್ರತಿದಿನ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್ ತಯಾರಿಸುತ್ತದೆ. ಅವುಗಳ ಆಯಸ್ಸು ಕೆಲವೇ ದಿನ, ಒಮ್ಮೊಮ್ಮೆ ಕೆಲವೇ ಗಂಟೆ.

ಬಿಳಿ ಕಣಗಳು ಹೀಗೆ ನುಂಗುತ್ತವೆ ಅಂತ ಮೊದಲು ಹೊಳೆದದ್ದೂ ಮುಳ್ಳಿನಿಂದಲೇ. 1882, ಸಿಸಿಲಿ ದ್ವೀಪದ ಮೆಸ್ಸಿನಾ. ಎಲಿ ಮೆಚ್ನಿಕಾಫ್ ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದರು. ಅವನೊಬ್ಬನೇ ಮನೆಯಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತಿದ್ದ. ಗಾಜಿನಷ್ಟು ಪಾರದರ್ಶಕವಾದ ನಕ್ಷತ್ರಮೀನಿನ ಮರಿಗಳ ಮೈಯಲ್ಲಿ ಓಡಾಡುವ ಕೋಶಗಳನ್ನು ನೋಡುತ್ತಿದ್ದ. ಇವು ದೇಹವನ್ನು ಕಾಯುವ ಕೋಶಗಳಿರಬಹುದಾ ಅನ್ನಿಸಿತು. ಎದ್ದು ತೋಟಕ್ಕೆ ಹೋದ, ಗುಲಾಬಿಯ ಮುಳ್ಳು ಕಿತ್ತು ತಂದ, ಆ ಮರಿಗಳ ಚರ್ಮದಡಿ ಚುಚ್ಚಿದ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲವಂತೆ. ಬೆಳಗ್ಗೆ ಎದ್ದು ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು. 1908ರಲ್ಲಿ ಅವನಿಗೂ ಪಾಲ್ ಎರ್ಲಿಕ್‌ಗೂ ನೊಬೆಲ್ ಹಂಚಿಕೆಯಾಯಿತು. ನನ್ನ ಬೆರಳನ್ನು ನೋಡುವಾಗಲೆಲ್ಲ ನನಗೆ ಆ ನಿದ್ದೆ ಬಾರದ ರಾತ್ರಿಯೇ ನೆನಪಾಗುತ್ತಿತ್ತು.

ಈಗ ಗುರುತಿನ ಪ್ರಶ್ನೆ. ನ್ಯೂಟ್ರೋಫಿಲ್‌ಗೆ ಇದು ಬ್ಯಾಕ್ಟೀರಿಯಾ ಅಂತ ಹೇಗೆ ಗೊತ್ತಾಯಿತು? ಅದು ಒಂದೊಂದು ಜಾತಿಯನ್ನೂ ಬೇರೆ ಬೇರೆಯಾಗಿ ಗುರುತಿಸುವುದಿಲ್ಲ. ಕೆಲವು ಸಾಮಾನ್ಯ ಲಕ್ಷಣಗಳನ್ನು ನೋಡುತ್ತದೆ. ಬ್ಯಾಕ್ಟೀರಿಯಾದ ಹೊರಗೋಡೆಯ ಕೆಲವು ಅಣುಗಳು, ಅದರ ಬಾಲದ ಪ್ರೋಟೀನು, ಇಂಥವು ನಮ್ಮ ಕೋಶಗಳಲ್ಲಿ ಎಲ್ಲೂ ಇರುವುದಿಲ್ಲ. ಇವನ್ನು ಹಿಡಿಯುವ ಗ್ರಾಹಕಗಳು ಹುಟ್ಟಿನಿಂದಲೇ ಇರುತ್ತವೆ. ಇವುಗಳಲ್ಲಿ ತುಂಬ ಹೆಸರಾದವು ಟೋಲ್ ಗ್ರಾಹಕಗಳು. 1996ರಲ್ಲಿ ಜೂಲ್ಸ್ ಹಾಫ್‌ಮನ್ ತಂಡ ಟೋಲ್ ಜೀನ್ ಕೆಟ್ಟ ಹಣ್ಣುನೊಣಗಳನ್ನು ಪರೀಕ್ಷಿಸಿದಾಗ ಅವು ಬೂಷ್ಟು ಹಿಡಿದು ಸತ್ತವು. ಎರಡು ವರ್ಷದ ನಂತರ ಬ್ರೂಸ್ ಬಾಯ್ಟ್ಲರ್ ಇಲಿಗಳಲ್ಲೂ ಅದೇ ಕುಟುಂಬದ ಗ್ರಾಹಕ ಕಂಡ. ನೊಣಕ್ಕೂ ಇಲಿಗೂ ನಮಗೂ ಒಂದೇ ಹಳೆಯ ಉಪಾಯ. ಇದು ಸಹಜ ನಿರೋಧಕತೆ. ಬೇಗ ಬರುತ್ತದೆ, ಆದರೆ ಅದರ ಗುರುತು ಒರಟು. ಅದು ಕಂಡದ್ದನ್ನು ಹೆಸರು ಹಿಡಿದು ನೆನಪಿಟ್ಟುಕೊಳ್ಳುವುದಿಲ್ಲ.

ಸೂಕ್ಷ್ಮವಾದ ಗುರುತು ಬೇಕಾದರೆ ಸುದ್ದಿ ಇನ್ನೊಂದು ಕಡೆ ಹೋಗಬೇಕು. ಮುಳ್ಳು ಚುಚ್ಚಿದ ಜಾಗದಲ್ಲಿ ಕೈಚಾಚಿಕೊಂಡಂತೆ ಕಾಣುವ ಡೆಂಡ್ರೈಟಿಕ್ ಕೋಶ ಇರುತ್ತದೆ. ಅದು ಬ್ಯಾಕ್ಟೀರಿಯಾವನ್ನು ನುಂಗಿ, ಚೂರು ಮಾಡಿ, ಆ ಚೂರುಗಳನ್ನು ತನ್ನ ಮೈಮೇಲಿನ ಎಂಎಚ್‌ಸಿ ಅನ್ನುವ ಅಣುವಿನ ಸೀಳಿನಲ್ಲಿಟ್ಟು ಹತ್ತಿರದ ದುಗ್ಧಗ್ರಂಥಿಗೆ ಹೊರಡುತ್ತದೆ. ಕೈಗೆ ಗಾಯವಾದರೆ ಕಂಕುಳಲ್ಲಿ ನೋವಿನ ಗಂಟು ಸಿಗುತ್ತದಲ್ಲ, ಗಂಟಲು ನೋವು ಬಂದರೆ ದವಡೆಯ ಕೆಳಗೆ ಸಿಗುತ್ತದಲ್ಲ, ಅದೇ ದುಗ್ಧಗ್ರಂಥಿ. ಈ ಕೋಶವನ್ನು 1973ರಲ್ಲಿ ವಿವರಿಸಿದ ರಾಲ್ಫ್ ಸ್ಟೈನ್‌ಮನ್‌ಗೆ 2011ರ ನೊಬೆಲ್ ಘೋಷಣೆಯಾಯಿತು. ಆತ ಮೂರು ದಿನ ಮೊದಲು ಕ್ಯಾನ್ಸರಿನಿಂದ ತೀರಿಕೊಂಡಿದ್ದ. ಸಮಿತಿಗೆ ಅದು ಗೊತ್ತಿರಲಿಲ್ಲ. ಬಹುಮಾನವನ್ನು ಹಾಗೇ ಉಳಿಸಿಕೊಂಡರು.

ದುಗ್ಧಗ್ರಂಥಿಯಲ್ಲಿ ಕಾಯುತ್ತಿರುವುದು ಲಿಂಫೋಸೈಟ್ ಅನ್ನುವ ಬಿಳಿ ಕಣಗಳು. ಬಿ ಮತ್ತು ಟಿ ಅಂತ ಎರಡು ಬಗೆ. ಯಾಕೆ ಬಿ, ಯಾಕೆ ಟಿ ಅಂತ ಮಕ್ಕಳು ಕೇಳುವುದೇ ಇಲ್ಲ, ಸುಮ್ನೆ ಬಾಯಿಪಾಠ ಮಾಡುತ್ತಾರೆ. ಆ ಅಕ್ಷರಗಳ ಹಿಂದೆ ಒಂದು ಕೋಳಿಯ ಕಥೆ ಇದೆ.

ಹಕ್ಕಿಗಳ ಹಿಂಭಾಗದಲ್ಲಿ ಒಂದು ಸಣ್ಣ ಚೀಲ ಇರುತ್ತದೆ. ಅದಕ್ಕೆ ಬರ್ಸಾ ಅಂತ ಹೆಸರು. ಅದು ಯಾಕಿದೆ ಅಂತ ಶತಮಾನಗಳವರೆಗೆ ಯಾರಿಗೂ ಗೊತ್ತಿರಲಿಲ್ಲ. ಅಮೆರಿಕದ ಓಹಿಯೋದಲ್ಲಿ ಬ್ರೂಸ್ ಗ್ಲಿಕ್ ಅನ್ನುವ ವಿದ್ಯಾರ್ಥಿ ಮರಿಗಳಿಂದ ಆ ಚೀಲ ತೆಗೆದು ನೋಡಿದ. ಬೆಳವಣಿಗೆಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಅಷ್ಟರಲ್ಲಿ ಅವನ ಜೊತೆಗಿದ್ದ ಟಿಮೊತಿ ಚಾಂಗ್‌ಗೆ ತರಗತಿಯಲ್ಲಿ ಪ್ರತಿಕಾಯ, ಅಂದರೆ ರೋಗಾಣುವಿಗೆ ಅಂಟಿಕೊಳ್ಳುವ ಪ್ರೋಟೀನು, ಹೇಗೆ ಹುಟ್ಟುತ್ತದೆ ಅಂತ ತೋರಿಸಬೇಕಿತ್ತು. ಕೋಳಿ ಬೇಕಿತ್ತು. ಗ್ಲಿಕ್ ತನ್ನ ಹಳೆಯ ಕೋಳಿಗಳನ್ನು ಕೊಟ್ಟ. ಚಾಂಗ್ ಬ್ಯಾಕ್ಟೀರಿಯಾ ಚುಚ್ಚಿದ. ಬರ್ಸಾ ತೆಗೆದ ಕೋಳಿಗಳಲ್ಲಿ ಪ್ರತಿಕಾಯ ಬರಲೇ ಇಲ್ಲ. ಪಾಠದ ಪ್ರಯೋಗ ಕೆಟ್ಟಿತು ಅಂತ ಇಬ್ಬರೂ ಕೈಬಿಡಬಹುದಿತ್ತು. ಬಿಡಲಿಲ್ಲ. ಪಟ್ಟು ಹಿಡಿದು ಮತ್ತೆ ಮಾಡಿ, 1956ರಲ್ಲಿ ಕೋಳಿ ಸಾಕಣೆಯ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಬರ್ಸಾದಲ್ಲಿ ಬಲಿಯುವ ಕೋಶಕ್ಕೆ ಬಿ ಅಂತ ಹೆಸರು ನಿಂತಿತು. ನಮಗೆ ಬರ್ಸಾ ಇಲ್ಲ. ನಮ್ಮ ಬಿ ಕೋಶ ಮೂಳೆಯ ಮಜ್ಜೆಯಲ್ಲೇ ಬಲಿಯುತ್ತದೆ.

ಟಿ ಅಂದರೆ ಥೈಮಸ್. ಎದೆಗೂಡಿನ ಮುಂಭಾಗದಲ್ಲಿ, ಹೃದಯದ ಮೇಲ್ಗಡೆ ಇರುವ ಗ್ರಂಥಿ. ಚಿಕ್ಕವರಲ್ಲಿ ದೊಡ್ಡದಾಗಿದ್ದು, ಹರೆಯದ ನಂತರ ಕುಗ್ಗುತ್ತಾ ಹೋಗುತ್ತದೆ. ಅದಕ್ಕೆ ಹೆಚ್ಚೇನೂ ಕೆಲಸ ಇಲ್ಲ ಅಂತಲೇ ಹೆಚ್ಚಿನವರು ತಿಳಿದಿದ್ದರು. 1961ರಲ್ಲಿ ಜಾಕ್ ಮಿಲ್ಲರ್ ಆಗತಾನೇ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದು ನೋಡಿದ. ಅವು ಸೋಂಕಿಗೆ ತುತ್ತಾದವು. ಬೇರೆ ತಳಿಯ ಇಲಿಯ ಚರ್ಮ ಕಸಿ ಮಾಡಿದರೆ ಅದನ್ನು ಬೇಡ ಅನ್ನಲಿಲ್ಲ, ತಮ್ಮದೇ ಅನ್ನುವಂತೆ ಇಟ್ಟುಕೊಂಡವು. ಗುರುತಿಸುವುದೇ ಮರೆತುಹೋಗಿತ್ತು.

ಈಗ ನನಗೆ ಇಡೀ ಅಧ್ಯಾಯದಲ್ಲಿ ತುಂಬ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಇಲ್ಲಿ ನಿಧಾನವಾಗಿ ಓದಿ.

ಜಗತ್ತಿನಲ್ಲಿ ಎಷ್ಟು ರೋಗಾಣುಗಳಿವೆ ಅಂತ ದೇಹಕ್ಕೆ ಗೊತ್ತಿಲ್ಲ. ನಾಳೆ ಯಾವ ಹೊಸ ವೈರಸ್ ಬರುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಆದರೂ ಅದು ಬಂದಾಗ ಅದಕ್ಕೆ ಸರಿಯಾಗಿ ಕೂರುವ ಪ್ರತಿಕಾಯ ತಯಾರಾಗುತ್ತದೆ. ಹೇಗೆ? ರೋಗಾಣುವನ್ನು ನೋಡಿ, ಅದರ ಅಚ್ಚು ತೆಗೆದು ಪ್ರತಿಕಾಯ ಮಾಡುತ್ತದೆ ಅಂತ ಹಿಂದೆ ದೊಡ್ಡ ದೊಡ್ಡ ವಿಜ್ಞಾನಿಗಳೇ ನಂಬಿದ್ದರು. ನನ್ನ ಮಕ್ಕಳಲ್ಲೂ ಮುಕ್ಕಾಲು ಪಾಲು ಹಾಗೇ ಊಹಿಸುತ್ತಾರೆ. ಅದು ಸಹಜವಾದ ಊಹೆಯೇ. 1957ರಲ್ಲಿ ಆಸ್ಟ್ರೇಲಿಯಾದ ಮ್ಯಾಕ್‌ಫರ್ಲೇನ್ ಬರ್ನೆಟ್ ಇದನ್ನು ತಿರುಗಿಸಿ ಹಾಕಿದ. ಕೋಟಿಗಟ್ಟಲೆ ಬೇರೆ ಬೇರೆ ಗ್ರಾಹಕಗಳು ಮೊದಲೇ ಇವೆ, ಒಂದು ಕೋಶಕ್ಕೆ ಒಂದೇ ಬಗೆ. ರೋಗಾಣು ಬಂದಾಗ ಅದಕ್ಕೆ ಹೊಂದುವ ಕೋಶ ಮಾತ್ರ ಎಚ್ಚೆತ್ತು ತನ್ನಂಥವೇ ಸಾವಿರಾರು ಕೋಶಗಳಾಗಿ ಬೆಳೆಯುತ್ತದೆ ಅಂದ. ಬಿ ಕೋಶ ತನ್ನ ಮೈಮೇಲಿನ ಗ್ರಾಹಕವನ್ನೇ ಹೊರಗೆ ಬಿಟ್ಟರೆ ಅದೇ ಪ್ರತಿಕಾಯ. ಅಂದರೆ ಉತ್ತರಗಳೆಲ್ಲ ಮೊದಲೇ ಬರೆದಿಟ್ಟಿವೆ, ಪ್ರಶ್ನೆ ಆಮೇಲೆ ಬರುತ್ತದೆ.

ಹಾಗಾದರೆ ಅಷ್ಟೊಂದು ಗ್ರಾಹಕಗಳಿಗೆ ಅಷ್ಟೇ ಜೀನ್‌ಗಳು ಬೇಡವಾ? ನಮ್ಮಲ್ಲಿ ಪ್ರೋಟೀನು ತಯಾರಿಸುವ ಜೀನ್‌ಗಳು ಇರುವುದೇ ಸುಮಾರು 20,000. ಇಲ್ಲಿ ನಾನು ಬೋರ್ಡಿನ ಮೇಲೆ ಕಾಗುಣಿತ ಬರೆಯುತ್ತೇನೆ. ಕ, ಕಾ, ಕಿ, ಕೀ. ವ್ಯಂಜನ 34, ಸ್ವರ 13. ಕಲಿತ ಅಕ್ಷರ 47. ಆದರೆ ಅವನ್ನು ಸೇರಿಸಿದರೆ ಕಾಗುಣಿತದ ರೂಪಗಳು 442. ಒತ್ತಕ್ಷರ ಸೇರಿಸಿದರೆ ಇನ್ನೂ ಎಷ್ಟೋ. ಪ್ರತಿಕಾಯದ ಜೀನೂ ಹೀಗೇ. ಅದು ಬಿಡಿ ಬಿಡಿ ತುಂಡುಗಳಾಗಿ ಇರುತ್ತದೆ. ಪ್ರತಿಕಾಯದಲ್ಲಿ ಭಾರದ್ದು, ಹಗುರದ್ದು ಅಂತ ಎರಡು ಬಗೆಯ ಪ್ರೋಟೀನು ಸರಪಳಿಗಳಿವೆ. ಭಾರದ ಸರಪಳಿಗೆ ವಿ ಅನ್ನುವ ತುಂಡುಗಳು ಸುಮಾರು 40, ಡಿ ಸುಮಾರು 23, ಜೆ 6. ಒಂದೊಂದು ಬಿ ಕೋಶವೂ ಬೆಳೆಯುವಾಗ ಒಂದು ವಿ, ಒಂದು ಡಿ, ಒಂದು ಜೆ ಆರಿಸಿ ಜೋಡಿಸಿಕೊಂಡು, ನಡುವಿನದನ್ನು ಕತ್ತರಿಸಿ ಎಸೆಯುತ್ತದೆ. ಗುಣಿಸಿ ನೋಡಿ: 5,520. ಹಗುರ ಸರಪಳಿಗೂ ಇಂಥದೇ ಆಟ, ಅಲ್ಲಿ ಕೆಲವು ನೂರು. ಎರಡನ್ನೂ ಗುಣಿಸಿದರೆ ಹತ್ತು ಲಕ್ಷ ದಾಟುತ್ತದೆ. ಸಾಲದ್ದಕ್ಕೆ ತುಂಡುಗಳು ಸೇರುವ ಬೆಸುಗೆಯಲ್ಲಿ ಡಿಎನ್‌ಎಯ ಕೆಲವು ಅಕ್ಷರಗಳು ಇಷ್ಟ ಬಂದ ಹಾಗೆ ಸೇರುತ್ತವೆ, ಕೆಲವು ಬಿದ್ದುಹೋಗುತ್ತವೆ. ಅಲ್ಲಿಗೆ ಲೆಕ್ಕ ಕೈಗೆ ಸಿಗದಷ್ಟು ದೊಡ್ಡದಾಗುತ್ತದೆ. ಇದನ್ನು 1976ರಲ್ಲಿ ತೋರಿಸಿಕೊಟ್ಟ ಸುಸುಮು ಟೊನೆಗಾವಾಗೆ 1987ರಲ್ಲಿ ನೊಬೆಲ್ ಬಂತು. ಹುಟ್ಟುವಾಗ ತಂದೆತಾಯಿಯಿಂದ ಬಂದ ಡಿಎನ್‌ಎ ಎಲ್ಲ ಕೋಶದಲ್ಲೂ ಒಂದೇ ಅಂತ ಪಾಠದಲ್ಲಿ ಓದಿರುತ್ತೀರಿ. ಲಿಂಫೋಸೈಟ್ ಆ ಮಾತನ್ನು ಮುರಿಯುತ್ತದೆ.

ಈಗ ಒಂದು ನಿಮಿಷ ಯೋಚಿಸಿ. ಗ್ರಾಹಕಗಳನ್ನು ಹೀಗೆ ಕಣ್ಣುಮುಚ್ಚಿ ಜೋಡಿಸುತ್ತಾ ಹೋದರೆ ಅವುಗಳಲ್ಲಿ ಕೆಲವು ನಮ್ಮದೇ ಮೈಗೆ ಅಂಟುವಂಥವೂ ಹುಟ್ಟುತ್ತವೆ ಅಲ್ವಾ? ಹುಟ್ಟುತ್ತವೆ. ಖಂಡಿತ ಹುಟ್ಟುತ್ತವೆ. ಅದಕ್ಕೇ ಥೈಮಸ್‌ನಲ್ಲಿ ಪರೀಕ್ಷೆ ಇರುವುದು. ಅಲ್ಲಿ ಟಿ ಕೋಶದ ಮರಿಗಳಿಗೆ ದೇಹದ ಸ್ವಂತ ಚೂರುಗಳನ್ನು ಎಂಎಚ್‌ಸಿಯಲ್ಲಿಟ್ಟು ತೋರಿಸುತ್ತಾರೆ. ಎಂಎಚ್‌ಸಿಯನ್ನೇ ಹಿಡಿಯಲಾರದ ಕೋಶ ಕೆಲಸಕ್ಕೆ ಬಾರದು, ಸಾಯುತ್ತದೆ. ಸ್ವಂತದ್ದನ್ನು ತೀರಾ ಬಿಗಿಯಾಗಿ ಹಿಡಿಯುವ ಕೋಶ ಅಪಾಯ, ಅದೂ ಸಾಯುತ್ತದೆ. ನೂರು ಮರಿಗಳಲ್ಲಿ ತೊಂಬತ್ತಕ್ಕೂ ಜಾಸ್ತಿ ಅಲ್ಲೇ ಮುಗಿಯುತ್ತವೆ. ಇಷ್ಟು ಕಠಿಣವಾದ ಪರೀಕ್ಷೆಯಿಂದಲೂ ಕೆಲವು ತಪ್ಪಿಸಿಕೊಂಡು ಹೊರಗೆ ಬರುತ್ತವೆ. ಅವುಗಳನ್ನು ತಡೆದು ಹಿಡಿಯಲು ನಿಯಂತ್ರಕ ಟಿ ಕೋಶಗಳಿವೆ. 1995ರಲ್ಲಿ ಶಿಮೊನ್ ಸಕಾಗುಚಿ ಇವನ್ನು ಗುರುತಿಸಿದ. ಇವನ್ನು ರೂಪಿಸುವ ಜೀನನ್ನು ಮೇರಿ ಬ್ರಂಕೊ ಮತ್ತು ಫ್ರೆಡ್ ರಾಮ್ಸ್‌ಡೆಲ್ ಹುಡುಕಿದರು. 2025ರ ನೊಬೆಲ್ ಈ ಮೂವರಿಗೆ ಬಂದ ದಿನ ನಾನು ಪತ್ರಿಕೆಯ ಆ ಪುಟವನ್ನು ಕತ್ತರಿಸಿ ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿದೆ. ‘ತಡೆಯುವುದೂ ಒಂದು ಕೆಲಸ’ ಅಂತ ಜಗತ್ತು ಒಪ್ಪಿಕೊಂಡ ಹಾಗೆ ಅನ್ನಿಸಿತು.

ಯಾಕೆಂದರೆ ನನ್ನ ಮೈಯಲ್ಲಿ ಕೆಟ್ಟಿರುವುದು ಆ ತಡೆಯೇ. ನನಗಿರುವುದು ರುಮಟಾಯ್ಡ್ ಆರ್ಥ್ರೈಟಿಸ್. ಕೀಲುಗಳ ಒಳಪದರವನ್ನು ನನ್ನದೇ ನಿರೋಧಕ ಕೋಶಗಳು ಹೊರಗಿನದು ಅಂತ ತಿಳಿದು ಕೆರಳುತ್ತವೆ. ರೋಗ ಶುರುವಾದ ದಿನಗಳಲ್ಲಿ ಬೆಳಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಒಂದು ಗಂಟೆ ಬಿಸಿನೀರಿನಲ್ಲಿ ಕೈ ಇಟ್ಟು ಕೂರುತ್ತಿದ್ದೆ. ಕುಪ್ಪಸದ ಗುಂಡಿ ಹಾಕಲು ಮಗಳನ್ನು ಕರೆಯಬೇಕಿತ್ತು. ಚಾಕ್‌ಪೀಸ್ ಕೈಯಿಂದ ಜಾರುತ್ತಿತ್ತು. ಮುಳ್ಳು ಚುಚ್ಚಿದ ಬೆರಳಿನಲ್ಲಿ ನೋಡಿದೆವಲ್ಲ, ಅದೇ ಕೆಂಪು, ಅದೇ ಬಿಸಿ, ಅದೇ ಊತ, ಅದೇ ನೋವು. ಮುಳ್ಳು ಮಾತ್ರ ಇರಲಿಲ್ಲ.

ರಕ್ತದ ವರದಿಯಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಜಾಸ್ತಿ ಅಂತ ಬಂತು. ಅದೇನು ಅಂತ ಆಗಲೇ ಪುಸ್ತಕ ತೆಗೆದು ಓದಿದೆ. ಅದೂ ಒಂದು ಪ್ರತಿಕಾಯ. ಯಾವುದರ ವಿರುದ್ಧ? ನಮ್ಮದೇ ಐಜಿಜಿ ಅನ್ನುವ ಬಗೆಯ ಪ್ರತಿಕಾಯದ ಬಾಲದ ವಿರುದ್ಧ. ಪ್ರತಿಕಾಯವೇ ಪ್ರತಿಕಾಯವನ್ನು ಹಿಡಿದುಕೊಂಡು ಕೂರುತ್ತದೆ. ಆ ವಾಕ್ಯವನ್ನು ಓದಿ ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ಅವತ್ತಿನವರೆಗೆ ನಾನೂ ಈ ಪಾಠವನ್ನು ಸೈನ್ಯ, ಶತ್ರು, ಯುದ್ಧ ಅಂತಲೇ ಹೇಳಿಕೊಡುತ್ತಿದ್ದೆ. ಅಲ್ಲಿಗೆ ನಿಲ್ಲಿಸಿದೆ. ನನ್ನ ಸೈನ್ಯ ದುರ್ಬಲವಾಗಿರಲಿಲ್ಲ. ಅದಕ್ಕೆ ಗುರುತು ತಪ್ಪಿತ್ತು.

ಈ ಕಾಯಿಲೆ ಇದೆ ಅಂತ ಗೊತ್ತಾದ ಮೇಲೆ ಬಂದು ಹೋದವರೆಲ್ಲ ‘ಇಮ್ಯುನಿಟಿ ಬೆಳೆಸಿಕೊಳ್ಳಿ’ ಅಂತಲೇ ಹೇಳಿದರು. ಪ್ರೀತಿಯಿಂದ ಹೇಳಿದ ಮಾತು. ಅವರ ತಪ್ಪಲ್ಲ. ಆ ‘ಶಕ್ತಿ’ ಅನ್ನುವ ಪದ ಕಲಿಸಿದ ಮಾತು ಅದು. ಅಲರ್ಜಿಯೂ ಹೀಗೇ ನೋಡಿ. ಹೂವಿನ ಪರಾಗ ಯಾರಿಗೂ ಕೇಡು ಮಾಡುವುದಿಲ್ಲ. ಆದರೂ ಕೆಲವರಲ್ಲಿ ಅದಕ್ಕೆ ಐಜಿಇ ಪ್ರತಿಕಾಯ ಹುಟ್ಟಿ ಮಾಸ್ಟ್ ಕೋಶಗಳ ಮೇಲೆ ಕೂತಿರುತ್ತದೆ. ಮುಂದಿನ ಸಲ ಪರಾಗ ಬಂದು ತಗಲಿದರೆ ಹಿಸ್ಟಮಿನ್ ಸುರಿದು ಸೀನು, ಕಣ್ಣುರಿ. ಸೀನುವವರಿಗೆ ಶಕ್ತಿ ಕಡಿಮೆ ಇದೆಯಾ? ಇಲ್ಲ. ಸುಮ್ನೆ ಬಿಡಬೇಕಾದದ್ದನ್ನು ಬಿಡುತ್ತಿಲ್ಲ.

ಪ್ರತಿಕಾಯದ ಬಗ್ಗೆ ಉತ್ತರಪತ್ರಿಕೆಗಳಲ್ಲಿ ವರ್ಷವೂ ಕಾಣುವ ಒಂದು ತಪ್ಪು ಇದೆ: ‘ಪ್ರತಿಕಾಯಗಳು ರೋಗಾಣುಗಳನ್ನು ಕೊಲ್ಲುತ್ತವೆ.’ ದಯವಿಟ್ಟು ಹಾಗೆ ಬರೆಯಬೇಡಿ. ಪ್ರತಿಕಾಯ ಅಂದರೆ ಇಂಗ್ಲಿಷಿನ ವೈ ಅಕ್ಷರದ ಆಕಾರದ ಒಂದು ಪ್ರೋಟೀನು. ಎರಡು ತೋಳಿನ ತುದಿಯಿಂದ ಅದು ಅಂಟಿಕೊಳ್ಳುತ್ತದೆ. ಯಾವುದಕ್ಕೆ ಅಂಟುತ್ತದೋ ಅದು ಪ್ರತಿಜನಕ. ಅಂಟುವುದೇ ಅದರ ಮುಖ್ಯ ಕೆಲಸ. ವೈರಸ್ಸಿನ ಮೈ ತುಂಬ ಅಂಟಿದರೆ ವೈರಸ್ ಕೋಶದ ಒಳಗೆ ಹೋಗಲಾರದು. ಬ್ಯಾಕ್ಟೀರಿಯಾಗೆ ಅಂಟಿದರೆ ಬಾಲ ಹೊರಗೆ ಚಾಚಿಕೊಂಡಿರುತ್ತದೆ, ಆ ಬಾಲವನ್ನು ಹಿಡಿದು ಮ್ಯಾಕ್ರೋಫೇಜ್ ಅನ್ನುವ ದೊಡ್ಡ ಕೋಶ ನುಂಗುತ್ತದೆ. ಇಲ್ಲವೇ ಕಾಂಪ್ಲಿಮೆಂಟ್ ಅನ್ನುವ ರಕ್ತದ ಪ್ರೋಟೀನುಗಳನ್ನು ಕರೆಯುತ್ತದೆ, ಅವು ಬ್ಯಾಕ್ಟೀರಿಯಾಗೆ ತೂತು ಕೊರೆಯುತ್ತವೆ. ಐದು ಬಗೆಗಳನ್ನು ಪರೀಕ್ಷೆಗೆ ಇಷ್ಟು ನೆನಪಿಡಿ: ಮೊದಲು ಬರುವುದು ಐಜಿಎಂ, ರಕ್ತದಲ್ಲಿ ತುಂಬ ಇರುವುದು ಮತ್ತು ಗರ್ಭದಲ್ಲಿ ತಾಯಿಯಿಂದ ಮಗುವಿಗೆ ದಾಟುವುದು ಐಜಿಜಿ, ಎದೆಹಾಲು ಕಣ್ಣೀರು ಲೋಳೆಯಲ್ಲಿ ಐಜಿಎ, ಅಲರ್ಜಿಗೆ ಐಜಿಇ, ಬಿ ಕೋಶದ ಮೈಮೇಲೆ ಐಜಿಡಿ.

ವೈರಸ್ ಕೋಶದ ಒಳಗೆ ಸೇರಿಬಿಟ್ಟರೆ ಪ್ರತಿಕಾಯದ ಕೈಗೆ ಸಿಗುವುದಿಲ್ಲ. ಆಗ ಬೇಕಾಗುವುದು ಕೊಲ್ಲುವ ಟಿ ಕೋಶ. ಪ್ರತಿ ಕೋಶವೂ ತನ್ನೊಳಗೆ ಏನು ತಯಾರಾಗುತ್ತಿದೆ ಅಂತ ಚೂರು ಚೂರು ಹೊರಗಿಟ್ಟು ತೋರಿಸುತ್ತಿರುತ್ತದೆ. ಅಲ್ಲಿ ವೈರಸ್ಸಿನ ಚೂರು ಕಂಡರೆ ಟಿ ಕೋಶ ಆ ಕೋಶವನ್ನೇ ಮುಗಿಸುತ್ತದೆ. ಬಿ ಕೋಶವನ್ನೂ ಕೊಲ್ಲುವ ಟಿ ಕೋಶವನ್ನೂ ಎಬ್ಬಿಸಿ ಕೆಲಸಕ್ಕೆ ಹಚ್ಚುವುದು ಸಹಾಯಕ ಟಿ ಕೋಶ. ಎಚ್‌ಐವಿ ಹಾಳು ಮಾಡುವುದು ಈ ಸಹಾಯಕನನ್ನು. ಒಂದು ಕೊಂಡಿ ಕಳಚಿದರೆ ಇಡೀ ಸಾಲು ಯಾಕೆ ಕುಸಿಯುತ್ತದೆ ಅಂತ ಈಗ ನಿಮಗೇ ತಿಳಿಯಬೇಕು.

ಇನ್ನು ನೆನಪು. 1846ರಲ್ಲಿ ಉತ್ತರ ಅಟ್ಲಾಂಟಿಕ್‌ನ ಫಾರೋ ದ್ವೀಪಗಳಿಗೆ ದಡಾರ ಬಂತು. ಸುಮಾರು 7,800 ಜನರಲ್ಲಿ 6,000ದಷ್ಟು ಜನ ಮಲಗಿದರು. ಅಲ್ಲಿಗೆ ಹೋದ ಡೆನ್ಮಾರ್ಕಿನ ಯುವ ವೈದ್ಯ ಪೀಟರ್ ಪಾನುಮ್ ಮನೆಮನೆ ತಿರುಗಿ ಲೆಕ್ಕ ಬರೆದುಕೊಂಡ. ಕೆಲವು ಮುದುಕರಿಗೆ ಮಾತ್ರ ಏನೂ ಆಗಿರಲಿಲ್ಲ. ಕೇಳಿದರೆ, 1781ರಲ್ಲಿ ಒಮ್ಮೆ ದಡಾರ ಬಂದಿತ್ತು, ಆಗ ಚಿಕ್ಕವರಾಗಿದ್ದ ಅವರಿಗೆ ಆಗಿಹೋಗಿತ್ತು. ನಡುವಿನ 65 ವರ್ಷ ಆ ದ್ವೀಪಗಳಿಗೆ ದಡಾರವೇ ಕಾಲಿಟ್ಟಿರಲಿಲ್ಲ. ಅಂದರೆ ಮತ್ತೆ ನೆನಪಿಸುವವರು ಯಾರೂ ಇಲ್ಲದೆ ಅವರ ದೇಹ ಅದನ್ನು ನೆನಪಿಟ್ಟುಕೊಂಡಿತ್ತು. ಹಿಂದೆ ದಡಾರ ಆಗಿದ್ದವರಲ್ಲಿ ಒಬ್ಬರಿಗೂ ಎರಡನೇ ಸಲ ಬರಲಿಲ್ಲ ಅಂತ ಪಾನುಮ್ ಬರೆದ.

ಆ ನೆನಪು ಕೋಶಗಳಲ್ಲಿದೆ. ಮೊದಲ ಸಲ ಎಚ್ಚೆತ್ತ ಲಿಂಫೋಸೈಟ್‌ಗಳಲ್ಲಿ ಹೆಚ್ಚಿನವು ಸೋಂಕು ಮುಗಿದ ಮೇಲೆ ಸಾಯುತ್ತವೆ. ಕೆಲವು ನೆನಪಿನ ಕೋಶಗಳಾಗಿ ಉಳಿಯುತ್ತವೆ. ಇನ್ನು ಕೆಲವು ಮೂಳೆಯ ಮಜ್ಜೆಯಲ್ಲಿ ಮನೆ ಮಾಡಿಕೊಂಡು ವರ್ಷಗಟ್ಟಲೆ ಪ್ರತಿಕಾಯ ಬಿಡುತ್ತಾ ಇರುತ್ತವೆ. ಮೊದಲ ಸಲ ಸಾಕಷ್ಟು ಪ್ರತಿಕಾಯ ಬರಲು ಒಂದರಿಂದ ಎರಡು ವಾರ ಹಿಡಿಯುತ್ತದೆ. ಎರಡನೇ ಸಲ ಕೆಲವೇ ದಿನ, ಅದೂ ಜಾಸ್ತಿ, ಅದೂ ಇನ್ನಷ್ಟು ಬಿಗಿಯಾಗಿ ಹಿಡಿಯುವಂಥದ್ದು. ಲಸಿಕೆ ಮಾಡುವುದು ಇಷ್ಟೇ, ಕಾಯಿಲೆ ಬರಿಸದೆ ಆ ಮೊದಲ ಸಲವನ್ನು ಮುಗಿಸಿಬಿಡುತ್ತದೆ. 1796ರಲ್ಲಿ ಎಡ್ವರ್ಡ್ ಜೆನ್ನರ್ ಎಂಟು ವರ್ಷದ ಹುಡುಗನಿಗೆ ಹಸುವಿನ ಸಿಡುಬಿನ ಕೀವು ಚುಚ್ಚಿದಾಗ ಇದಾವುದೂ ಅವನಿಗೆ ಗೊತ್ತಿರಲಿಲ್ಲ. ಹಸುವಿನ ಸಿಡುಬಿಗೂ ಮನುಷ್ಯರ ಸಿಡುಬಿಗೂ ಮುಖದಲ್ಲಿ ಹೋಲಿಕೆ ಇತ್ತು. ಒಂದನ್ನು ಗುರುತಿಟ್ಟವನು ಇನ್ನೊಂದನ್ನೂ ಗುರುತಿಸಿದ. 1980ರಲ್ಲಿ ಸಿಡುಬು ಭೂಮಿಯಿಂದಲೇ ಹೋಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಹಾಗಾದರೆ ನೆಗಡಿ ಯಾಕೆ ಮತ್ತೆ ಮತ್ತೆ ಬರುತ್ತದೆ? ಇದನ್ನು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ, ನನಗೆ ಖುಷಿಯಾಗುತ್ತದೆ. ನೆಗಡಿ ತರುವ ರೈನೋವೈರಸ್‌ಗಳೇ ನೂರಕ್ಕೂ ಜಾಸ್ತಿ ಬಗೆ. ಒಂದರ ಗುರುತು ಇನ್ನೊಂದಕ್ಕೆ ಸಾಮಾನ್ಯವಾಗಿ ನಡೆಯುವುದಿಲ್ಲ. ಫ್ಲೂ ವೈರಸ್ ಇನ್ನೊಂದು ಥರ, ಅದು ತನ್ನ ಮುಖವನ್ನೇ ಬದಲಿಸುತ್ತಾ ಹೋಗುತ್ತದೆ. ಅದಕ್ಕೇ ಫ್ಲೂ ಲಸಿಕೆ ವರ್ಷವರ್ಷವೂ.

ಈ ಫ್ಲೂ ಲಸಿಕೆಯಿಂದಲೇ ಎರಡನೇ ಬೆಂಚಿನ ಹುಡುಗಿಯ ಜೊತೆ ಮಾತು ಮುಂದುವರಿಯಿತು. ನನ್ನಂಥವರಿಗೆ ಸೋಂಕಿನ ಭಯ ಸ್ವಲ್ಪ ಜಾಸ್ತಿ, ಹಾಗಾಗಿ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿಕೊಳ್ಳುತ್ತೇನೆ. ಜೀವಂತ ವೈರಸ್ ಇಲ್ಲದ ಲಸಿಕೆಯೇ ಆಗಬೇಕು. ಈ ಸಲ ಲಸಿಕೆ ಹಾಕಿದ ಮೇಲೆ ನನ್ನ ಡಾಕ್ಟರು, ಕೀಲುಗಳು ತಣ್ಣಗಿವೆ ಅಂತ ನೋಡಿಕೊಂಡು, ಭಾನುವಾರದ ಮಾತ್ರೆಯನ್ನು ಎರಡು ವಾರ ನಿಲ್ಲಿಸಿ ಅಂದರು. ಇದನ್ನು ಅವಳಿಗೆ ಹೇಳಿ, ಯಾಕಿರಬಹುದು ಅಂತ ಕೇಳಿದೆ.

ಅವಳು ನೋಟ್ಸ್ ತೆಗೆಯಲಿಲ್ಲ. ಕಿಟಕಿಯ ಕಡೆ ನೋಡುತ್ತಾ ಬೆರಳು ಎಣಿಸಿದಳು. “ಲಸಿಕೆ ನೋಡಿ ಸರಿಯಾದ ಕೋಶ ಏಳಬೇಕು. ಅದು ಒಂದಿದ್ದದ್ದು ಸಾವಿರ ಆಗ್ಬೇಕು. ಆಮೇಲೆ ಪ್ರತಿಕಾಯ. ಅದಕ್ಕೇ ಒಂದೆರಡು ವಾರ ಬೇಕಲ್ವಾ ಮೇಡಂ? ಆ ಮಾತ್ರೆ ಇದ್ರೆ ಕೋಶ ಬೆಳೆಯೋಕೆ ಬಿಡಲ್ಲ.”

“ಮತ್ತೆ ಮೂರನೇ ವಾರ ಯಾಕೆ ಶುರು ಮಾಡಬೇಕು?” ಅಂದೆ.

“ಇನ್ನೂ ಬಿಟ್ರೆ ನಿಮ್ಮ ಕೀಲಿನ ಕೋಶಗಳೂ ಬೆಳೀತಾವಲ್ಲ” ಅಂದಳು.